ಇಳಿಜಾರು ಕಡಿಮೆ ಇರುವ ಚಾವಣಿಗೆ ಯಾವ ಸ್ಲೇಟ್ ಕಲ್ಲು?

ಪ್ರಶ್ನೆ: ಸರ್, ಮನೆಯ ಹಿಂಭಾಗಕ್ಕೆ ಒಂದು ಕೋಣೆ ಸೇರಿಸುತ್ತಿದ್ದೇವೆ. ಗೋಡೆಯಿಂದ ಹೊರಕ್ಕೆ 4 ಮೀಟರ್ ಬರುತ್ತದೆ. ಚಾವಣಿ ಒಂದೇ ಕಡೆಗೆ ಇಳಿಯುತ್ತದೆ. ಮಹಡಿಯ ಕಿಟಕಿ ಅಡ್ಡ ಬರುವುದರಿಂದ ಜಾಸ್ತಿ ಎತ್ತರಿಸಲು ಆಗುವುದಿಲ್ಲ. ನಕ್ಷೆಯಲ್ಲಿ ಇಳಿಜಾರು 20 ಡಿಗ್ರಿ ಇದೆ. ನಿಜವಾದ ಸ್ಲೇಟ್ ಕಲ್ಲನ್ನೇ ಹೊದಿಸಬೇಕು ಎಂದು ಆಸೆ. ಎರಡು ಮಾದರಿ ತಂದಿಟ್ಟುಕೊಂಡಿದ್ದೇವೆ. ಒಂದು 300×200 ಮಿ.ಮೀ. ಅಳತೆಯದು, 9–10 ಮಿ.ಮೀ. ದಪ್ಪ, ಹಸಿರು ಬಣ್ಣ, ಒರಟು ಮೈ. ಇನ್ನೊಂದು 500×250 ಮಿ.ಮೀ., 5–6 ಮಿ.ಮೀ. ದಪ್ಪ, ಬೂದು ಬಣ್ಣ. ನಮಗೆ ಹಸಿರು ಕಲ್ಲೇ ಇಷ್ಟ. ದಪ್ಪ ಇದ್ದರೆ ಬಾಳಿಕೆಯೂ ಜಾಸ್ತಿ ಅಲ್ವಾ? ಗುತ್ತಿಗೆದಾರರು "ಕೆಳಗೆ ಮೆಂಬ್ರೇನ್ (ನೀರು ತಡೆಯುವ ಹಾಳೆ) ಹಾಸ್ತೀವಿ, ಯಾವ ಕಲ್ಲಾದರೂ ನಡೆಯುತ್ತೆ" ಎನ್ನುತ್ತಾರೆ. ಯಾವುದನ್ನು ಆರಿಸೋಣ? ಕಲ್ಲಿನ ಗುಣ ನಾವೇ ನೋಡಿಕೊಳ್ಳಲು ದಾರಿ ಇದೆಯೇ?

ಉತ್ತರ: ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಈ ಚಾವಣಿಗೆ ಹಸಿರು ಕಲ್ಲು ಆ ಅಳತೆಯಲ್ಲಿ ಬೇಡ. ಬೂದು ಕಲ್ಲು ಅಳತೆಯಲ್ಲಿ ಸರಿ ಇದೆ, ಆದರೆ ಅದರ ಗುಣವನ್ನು ಇನ್ನೂ ನೋಡಬೇಕು. ಹಸಿರೇ ಬೇಕು ಎಂದಾದರೆ ಅದೇ ಕಲ್ಲು ಉದ್ದವಾಗಿ, ಅಗಲವಾಗಿ, ತೆಳ್ಳಗೆ ಸೀಳಿದ್ದು ಸಿಗುತ್ತದೆಯೇ ಎಂದು ಕೇಳಿ. ಸಿಕ್ಕರೆ ಸಂತೋಷ.

"ದಪ್ಪ ಇದ್ದರೆ ಒಳ್ಳೆಯದು" ಎನ್ನುವುದು ಎಲ್ಲರಿಗೂ ಸಹಜವಾಗಿ ಬರುವ ಯೋಚನೆ. ಕಡಿದಾದ ಚಾವಣಿಯಲ್ಲಿ ಅದು ತಪ್ಪೂ ಅಲ್ಲ. 20 ಡಿಗ್ರಿಯಲ್ಲಿ ಮಾತ್ರ ಅದು ಉಲ್ಟಾ ಹೊಡೆಯುತ್ತದೆ. ಯಾಕೆ ಎಂದು ತಿಳಿಯಬೇಕಾದರೆ ಸ್ಲೇಟ್ ಹೊದಿಕೆಯಲ್ಲಿ ನೀರು ಹೇಗೆ ಓಡಾಡುತ್ತದೆ ಎಂದು ನೋಡಬೇಕು.

ಸ್ಲೇಟ್ ಹೊದಿಕೆಗೆ ಅಂಟಿಲ್ಲ, ಸೀಲಿಲ್ಲ. ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಕೂತಿರುತ್ತದೆ ಅಷ್ಟೇ. ಒಂದೇ ಸಾಲಿನ ಎರಡು ಕಲ್ಲುಗಳ ನಡುವೆ ಸಣ್ಣ ಸಂದು ಇರುತ್ತದೆ. ಆ ಸಂದಿನಲ್ಲಿ ನೀರು ಇಳಿಯುತ್ತದೆ, ಇಳಿಯಲೇಬೇಕು. ಕೆಳಗಿನ ಸಾಲಿನ ಕಲ್ಲಿನ ಸರಿಯಾಗಿ ನಡು ಭಾಗಕ್ಕೆ ಅದು ಬೀಳುತ್ತದೆ. ಬಿದ್ದ ನೀರು ಎರಡು ಕಲ್ಲುಗಳ ನಡುವೆ ಬೀಸಣಿಗೆಯ ಹಾಗೆ ಹರಡಿಕೊಂಡು ಕೆಳಗಿಳಿಯುತ್ತದೆ. ಚಾವಣಿ ಕಡಿದಾಗಿದ್ದರೆ ಬೀಸಣಿಗೆ ಕಿರಿದು, ನೀರು ಸರ್ರನೆ ಜಾರಿಬಿಡುತ್ತದೆ. ಇಳಿಜಾರು ಕಡಿಮೆ ಆದಷ್ಟೂ ನೀರು ನಿಧಾನ, ಬೀಸಣಿಗೆ ಅಗಲ. ಅದು ಕೆಳಗಿನ ಕಲ್ಲಿನ ಪಕ್ಕದ ಅಂಚನ್ನೋ ಮೊಳೆಯ ತೂತನ್ನೋ ಮುಟ್ಟಿದರೆ ಮುಗಿಯಿತು, ಮನೆಯೊಳಗೆ ಹನಿ.

ಹಾಗಾಗಿ ಕಲ್ಲಿನ ಅಗಲವೇ ಮೊದಲ ಕಾವಲು. ನಿಮ್ಮ ಬೂದು ಕಲ್ಲು 250 ಮಿ.ಮೀ. ಅಗಲ. ಸಂದು ನಡುವಿಗೆ ಬಂದರೆ ಎರಡೂ ಕಡೆ 125 ಮಿ.ಮೀ. ಸಿಗುತ್ತದೆ. ಮೊಳೆಯ ತೂತು ಅಂಚಿನಿಂದ 30 ಮಿ.ಮೀ. ಒಳಗೆ ಇದ್ದರೆ ನೀರಿಗೂ ತೂತಿಗೂ ನಡುವೆ 95 ಮಿ.ಮೀ. ಅಂತರ ಉಳಿಯುತ್ತದೆ. ಹಸಿರು ಕಲ್ಲಿನಲ್ಲಿ ಅದೇ ಲೆಕ್ಕ ಹಾಕಿದರೆ ಬರೀ 70 ಮಿ.ಮೀ. 45 ಡಿಗ್ರಿ ಚಾವಣಿಗೆ ಅದು ಧಾರಾಳ ಸಾಕು. 20 ಡಿಗ್ರಿಗೆ ನಾನು ಒಪ್ಪುವುದಿಲ್ಲ.

ಎರಡನೆಯದು ಹೆಡ್‌ಲ್ಯಾಪ್. ಒಂದು ಸಾಲಿನ ಕಲ್ಲು ತನ್ನ ಕೆಳಗಿನ ಸಾಲನ್ನು ದಾಟಿ, ಅದಕ್ಕೂ ಕೆಳಗಿನ ಮೂರನೆಯ ಸಾಲಿನ ತಲೆಯನ್ನು ಎಷ್ಟು ಮುಚ್ಚುತ್ತದೆ ಎನ್ನುವುದೇ ಹೆಡ್‌ಲ್ಯಾಪ್. ಗಾಳಿ ನೀರನ್ನು ಮೇಲಕ್ಕೆ ನೂಕಿದಾಗ ತಡೆಯುವುದು ಇದೇ. ಆದರೆ ಇಲ್ಲಿ ಲೆಕ್ಕಕ್ಕೆ ಬರುವುದು ಕಲ್ಲಿನ ಮೇಲೆ ಅಳೆದ ಉದ್ದವಲ್ಲ. ನೀರು ನೆಟ್ಟಗೆ ಎಷ್ಟು ಎತ್ತರ ಏರಬೇಕು ಎನ್ನುವುದು. ಕಲ್ಲು 38 ಡಿಗ್ರಿಯಲ್ಲಿ ಮಲಗಿದ್ದರೆ 75 ಮಿ.ಮೀ. ಹೆಡ್‌ಲ್ಯಾಪ್‌ಗೆ 46 ಮಿ.ಮೀ. ಎತ್ತರ ಸಿಗುತ್ತದೆ. ನಿಮ್ಮ ಚಾವಣಿಯಲ್ಲಿ ಕಲ್ಲು ಸುಮಾರು 18 ಡಿಗ್ರಿಯಲ್ಲಿ ಮಲಗುತ್ತದೆ, ಯಾಕೆಂದು ಮುಂದೆ ಹೇಳುತ್ತೇನೆ. ಅಲ್ಲಿ 120 ಮಿ.ಮೀ. ಕೊಟ್ಟರೂ 37 ಮಿ.ಮೀ. ಮಾತ್ರ. ಅಂದರೆ ಹೆಡ್‌ಲ್ಯಾಪ್ ಇಷ್ಟು ಹೆಚ್ಚಿಸಿದ ಮೇಲೂ ನಿಮ್ಮ ಚಾವಣಿ ಕಡಿದಾದ ಚಾವಣಿಗಿಂತ ಹಿಂದೆಯೇ ಇರುತ್ತದೆ. ಇದಕ್ಕೇ ಕಡಿಮೆ ಇಳಿಜಾರಿನಲ್ಲಿ ಹೆಡ್‌ಲ್ಯಾಪ್ ವಿಷಯದಲ್ಲಿ ಕಂಜೂಸುತನ ಮಾಡಬೇಡಿ ಎನ್ನುವುದು.

ಈಗ ದಪ್ಪದ ವಿಷಯ. ಇದನ್ನು ಕಸುಬಿನವರೂ ಎಷ್ಟೋ ಸಲ ಮರೆಯುತ್ತಾರೆ.

ಪಕಾಸಿನ, ಅಂದರೆ ಚಾವಣಿ ಹೊರುವ ಓರೆ ತೊಲೆಯ, ಇಳಿಜಾರು 20 ಡಿಗ್ರಿ ಎಂದರೆ ಕಲ್ಲಿನ ಇಳಿಜಾರು 20 ಡಿಗ್ರಿ ಅಲ್ಲ. ಪ್ರತಿ ಕಲ್ಲಿನ ಮೇಲ್ತುದಿ ರೀಪಿನ (ಪಕಾಸುಗಳ ಮೇಲೆ ಅಡ್ಡ ಹೊಡೆದ ಮರದ ಪಟ್ಟಿ) ಮೇಲೆ ಕೂರುತ್ತದೆ, ಕೆಳತುದಿ ಬೇರೆ ಕಲ್ಲುಗಳ ಬೆನ್ನ ಮೇಲೆ ಕೂರುತ್ತದೆ. ಕೆಳತುದಿ ಎದ್ದಿರುವುದರಿಂದ ಕಲ್ಲು ಪಕಾಸಿಗಿಂತ ಸ್ವಲ್ಪ ಮಟ್ಟಸವಾಗಿ ಮಲಗುತ್ತದೆ. ಎಷ್ಟು ಮಟ್ಟಸ ಎನ್ನಲು ಸುಲಭ ಲೆಕ್ಕ ಇದೆ. ಕಲ್ಲಿನ ದಪ್ಪವನ್ನು ರೀಪಿನಿಂದ ರೀಪಿನ ಅಂತರದಿಂದ ಭಾಗಿಸಿ. ಬಂದದ್ದನ್ನು 57ರಿಂದ ಗುಣಿಸಿದರೆ ಹೆಚ್ಚುಕಡಿಮೆ ಎಷ್ಟು ಡಿಗ್ರಿ ಕಳೆದುಹೋಯಿತು ಎಂದು ಸಿಗುತ್ತದೆ. ರೀಪಿನ ಅಂತರ ಬೇಕೆಂದರೆ ಕಲ್ಲಿನ ಉದ್ದದಲ್ಲಿ ಹೆಡ್‌ಲ್ಯಾಪ್ ಕಳೆದು ಅರ್ಧ ಮಾಡಿ.

ನಿಮ್ಮ ಬೂದು ಕಲ್ಲಿಗೆ ಹಾಕಿ ನೋಡೋಣ. 500ರಲ್ಲಿ 120 ಕಳೆದರೆ 380, ಅರ್ಧ 190 ಮಿ.ಮೀ. ದಪ್ಪ ಐದೂವರೆ ಎಂದುಕೊಳ್ಳಿ. ಕಳೆದುಹೋಗುವುದು ಒಂದೂಮುಕ್ಕಾಲು ಡಿಗ್ರಿಗಿಂತ ಕಡಿಮೆ. ಕಲ್ಲು ಹದಿನೆಂಟು ಚಿಲ್ಲರೆ ಡಿಗ್ರಿಯಲ್ಲಿ ಮಲಗುತ್ತದೆ. ಹಸಿರು ಕಲ್ಲಿಗೆ ಅದೇ ಹೆಡ್‌ಲ್ಯಾಪ್ ಕೊಟ್ಟರೆ 300ರಲ್ಲಿ 120 ಹೋಗಿ 180, ಅರ್ಧ 90 ಮಿ.ಮೀ. ದಪ್ಪ ಒಂಬತ್ತೂವರೆ. ಕಳೆದುಹೋಗುವುದು ಆರು ಡಿಗ್ರಿ! ನೀವು 20 ಡಿಗ್ರಿ ಚಾವಣಿ ಕಟ್ಟಿದ್ದೇವೆ ಎಂದುಕೊಂಡಿರುತ್ತೀರಿ. ಮಳೆ ನೀರಿಗೆ ಮಾತ್ರ ಅದು 14 ಡಿಗ್ರಿ ಚಾವಣಿ.

ತೂಕವನ್ನೂ ನೋಡಿ. ಸ್ಲೇಟ್ ಕಲ್ಲಿನ ಸಾಂದ್ರತೆ ನೀರಿನ ಸುಮಾರು 2.8 ಪಟ್ಟು. ಬೂದು ಕಲ್ಲು ಹೊದಿಸಿದರೆ ಚದರ ಮೀಟರಿಗೆ 21 ಕಲ್ಲು, ತೂಕ 40 ಕೆ.ಜಿ. ಆಸುಪಾಸು. ಹಸಿರು ಕಲ್ಲು ಚದರ ಮೀಟರಿಗೆ 55ಕ್ಕಿಂತ ಜಾಸ್ತಿ ಬೇಕು, ತೂಕ 90 ಕೆ.ಜಿ. ಹತ್ತಿರ ಹೋಗುತ್ತದೆ. ಪಕಾಸುಗಳನ್ನು ಯಾವ ತೂಕಕ್ಕೆ ಲೆಕ್ಕ ಹಾಕಿದ್ದಾರೆ ಎಂದು ನಿಮ್ಮ ಎಂಜಿನಿಯರನ್ನು ಕೇಳಿದ್ದೀರಾ? ಯಾವ ಕಲ್ಲು ಹಾಕಿದರೂ ಇದನ್ನು ಕೇಳಲೇಬೇಕು.

ಇಂಥದ್ದೇ ಒಂದು ಚಾವಣಿ ನೋಡಲು ನನ್ನನ್ನು ಕರೆದಿದ್ದರು. ಹಳೆಯ ಕಟ್ಟಡದಿಂದ ಬಿಚ್ಚಿದ ಸಣ್ಣ ಕಲ್ಲುಗಳನ್ನು ಜೋಪಾನವಾಗಿ ತೊಳೆದು, ಆರಿಸಿ, ಜಗುಲಿಯ ಮೇಲೆ ಹೊದಿಸಿದ್ದರು. ಕೆಲಸ ಅಚ್ಚುಕಟ್ಟಾಗಿತ್ತು. ಒಂದೇ ಒಂದು ಕಲ್ಲು ಒಡೆದಿರಲಿಲ್ಲ. ಆದರೂ ಪ್ರತಿ ಮಳೆಗೂ ಒಳಗೆ ನೀರು. ನಾಲ್ಕು ಸಾಲು ಬಿಚ್ಚಿದೆವು. ಕೆಳಗಿನ ಕಲ್ಲುಗಳಲ್ಲಿ ಮೊಳೆಯ ತೂತಿನ ಸುತ್ತ ಒದ್ದೆಯ ಉಂಗುರ, ರೀಪುಗಳ ಮೇಲೆ ಸಾಲಾಗಿ ಕಪ್ಪು ಕಲೆ. ಕಲ್ಲು ಒಳ್ಳೆಯದೇ. ಆ ಇಳಿಜಾರಿಗೆ ಅಳತೆ ಸರಿ ಇರಲಿಲ್ಲ. ಮನೆಯವರ ಮುಖ ನೋಡಿ ನನಗೆ ತುಂಬಾ ಬೇಸರ ಆಯಿತು. ಅಷ್ಟೂ ಬಿಚ್ಚಿ ಬೇರೆ ಹೊದಿಸದೆ ದಾರಿಯೇ ಇರಲಿಲ್ಲ. ನಿಮ್ಮದು ಇನ್ನೂ ಮಾದರಿ ನೋಡುವ ಹಂತದಲ್ಲಿದೆ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಹಾಗಾದರೆ 20 ಡಿಗ್ರಿಗೆ ಸ್ಲೇಟ್ ಹಾಕಬಹುದೇ? ಹಾಕಬಹುದು, ಆದರೆ ಅದೇ ಗಡಿ. ಬ್ರಿಟನ್ನಿನಲ್ಲಿ ಈ ರೀತಿಯ ಹೊದಿಕೆಗೆ ಸಾಮಾನ್ಯವಾಗಿ 20 ಡಿಗ್ರಿಯನ್ನೇ ಕನಿಷ್ಠ ಎಂದು ಹಿಡಿಯುತ್ತಾರೆ. ಅಮೆರಿಕದಲ್ಲಿ 12ಕ್ಕೆ 4 ಏರುವ ಇಳಿಜಾರು ಕನಿಷ್ಠ, ಅಂದರೆ 18.4 ಡಿಗ್ರಿ. ಅಲ್ಲಿ ಆ ಇಳಿಜಾರಿಗೆ ಹೆಡ್‌ಲ್ಯಾಪ್ 3 ಇಂಚು ಸಾಲದು, 4 ಇಂಚು ಬೇಕು ಎನ್ನುತ್ತಾರೆ. ನನ್ನನ್ನು ಕೇಳಿದರೆ 20 ಡಿಗ್ರಿಗೆ, ಗಾಳಿಮಳೆ ಸಾಧಾರಣ ಇರುವ ಜಾಗದಲ್ಲಿ 120 ಮಿ.ಮೀ. ಕೊಡಿ. ಬಯಲು, ಗುಡ್ಡದ ನೆತ್ತಿ, ಕಡಲತೀರ ಆದರೆ 130–140ಕ್ಕೆ ಹೋಗಿ. ಅಂಥ ಕಡೆ 600×300 ಮಿ.ಮೀ. ಅಳತೆಯ, 7 ಮಿ.ಮೀ. ದಪ್ಪದ ಕಲ್ಲು ಇನ್ನೂ ಒಳ್ಳೆಯದು. ಅದಕ್ಕೆ ಪಕ್ಕದಲ್ಲಿ 150 ಮಿ.ಮೀ. ಸಿಗುತ್ತದೆ. ಕಲ್ಲು ಕೊಡುವವರ ಬಳಿ ಇಳಿಜಾರು, ಅಳತೆ, ಗಾಳಿಮಳೆ ಮೂರನ್ನೂ ಸೇರಿಸಿದ ಹೆಡ್‌ಲ್ಯಾಪ್ ಕೋಷ್ಟಕ ಇರುತ್ತದೆ. ಅದನ್ನು ಕೇಳಿ ತೆಗೆದುಕೊಳ್ಳಿ. ಕೋಷ್ಟಕದಲ್ಲಿ ನಿಮ್ಮ ಇಳಿಜಾರಿನ ಎದುರು ಜಾಗ ಖಾಲಿ ಇದ್ದರೆ ಆ ಅಳತೆ ನಡೆಯುವುದಿಲ್ಲ ಎಂದೇ ಅರ್ಥ.

ದೊಡ್ಡ ಅಳತೆಗಳು ಹೊಸ ಫ್ಯಾಷನ್ ಏನೂ ಅಲ್ಲ. ವೇಲ್ಸ್‌ನ ಗಣಿಗಳಲ್ಲಿ ಹಿಂದೆ ಅಳತೆಗಳಿಗೆ ರಾಣಿವಾಸದ ಹೆಸರುಗಳಿದ್ದವು. 24×12 ಇಂಚಿನದು ಡಚೆಸ್, 20×10 ಇಂಚಿನದು ಕೌಂಟೆಸ್, 16×8 ಇಂಚಿನದು ಲೇಡಿ. ನಿಮ್ಮ ಬೂದು ಕಲ್ಲು ಹೆಚ್ಚುಕಡಿಮೆ ಕೌಂಟೆಸ್. ಆ ಹೆಸರುಗಳನ್ನು ಕೇಳುವಾಗಲೆಲ್ಲ, ಉಳಿ ಹಿಡಿದು ದಿನವಿಡೀ ಕಲ್ಲು ಸೀಳುತ್ತಿದ್ದವರು ತಮ್ಮ ಕೆಲಸಕ್ಕೆ ಎಷ್ಟು ಮರ್ಯಾದೆ ಕೊಟ್ಟಿದ್ದರು ಅನ್ನಿಸುತ್ತದೆ.

ಕಲ್ಲು ಕೊಳ್ಳುವ ಮೊದಲು ಇಳಿಜಾರನ್ನೇ ಸ್ವಲ್ಪ ಹೆಚ್ಚಿಸಲು ಆಗುತ್ತದೆಯೇ ನೋಡಿ. ಮೇಲೆ ಕಿಟಕಿ ಇದೆ, ಸರಿ. ಸೂರಿನಂಚನ್ನು ಕೆಳಗೆ ತರಬಹುದಲ್ಲ? 4 ಮೀಟರಿಗೆ 20 ಡಿಗ್ರಿ ಎಂದರೆ 1.46 ಮೀಟರ್ ಏರಿಕೆ. ಸೂರನ್ನು 15 ಸೆಂ.ಮೀ. ಇಳಿಸಿದರೆ ಹತ್ತಿರ ಹತ್ತಿರ 22 ಡಿಗ್ರಿ ಆಗುತ್ತದೆ. 20 ಸೆಂ.ಮೀ. ಇಳಿಸಿದರೆ 22.5. ಇಷ್ಟಕ್ಕೇ ದೊಡ್ಡ ವ್ಯತ್ಯಾಸ ಆಗುತ್ತದೆ. ಸೂರಿನ ಕಡೆಯ ಬಾಗಿಲ ಎತ್ತರಕ್ಕೆ ತೊಂದರೆ ಇಲ್ಲದಿದ್ದರೆ ನಾನು ಕಲ್ಲಿಗಿಂತ ಮೊದಲು ಇದನ್ನೇ ಬದಲಿಸುತ್ತೇನೆ.

ನಕ್ಷೆಯನ್ನು ನಂಬಿ ಸುಮ್ಮನಿರಬೇಡಿ. ಪಕಾಸು ಕೂರಿಸಿದ ದಿನವೇ ಅಳೆಯಿರಿ. ಮಟ್ಟಗೋಲು ಅಡ್ಡ ಹಿಡಿದು 1 ಮೀಟರ್ ಗುರುತು ಮಾಡಿ. ಅಷ್ಟರಲ್ಲಿ ಪಕಾಸು ಎಷ್ಟು ಏರಿದೆ ನೋಡಿ. 364 ಮಿ.ಮೀ. ಬಂದರೆ 20 ಡಿಗ್ರಿ. 325 ಬಂದರೆ 18. ಗೋಡೆ ಕಟ್ಟುವಾಗ ಒಂದು ವರಸೆ ಮೇಲೆ ಕೆಳಗೆ ಆದರೆ ಸಾಕು, ಎರಡು ಡಿಗ್ರಿ ಮಾಯ.

ಇನ್ನು ಕಲ್ಲಿನ ಗುಣ. ಕಡಿಮೆ ಇಳಿಜಾರಿನ ಚಾವಣಿ ಬೇಗ ಒಣಗುವುದಿಲ್ಲ. ನೀರು ಹೆಚ್ಚು ಹೊತ್ತು ನಿಲ್ಲುತ್ತದೆ, ಎಲೆ ಕೂರುತ್ತದೆ, ಪಾಚಿ ಹಿಡಿಯುತ್ತದೆ. ಹಾಗಾಗಿ ಕಲ್ಲಿನಲ್ಲಿ ಏನಾದರೂ ದೋಷ ಇದ್ದರೆ ಇಲ್ಲಿ ಬೇಗ ಹೊರಬರುತ್ತದೆ. ಮೂರು ದೋಷಗಳನ್ನು ಗಮನಿಸಿ.

ಮೊದಲನೆಯದು ಕಬ್ಬಿಣದ ಖನಿಜ. ಕಲ್ಲಿನ ಮೈಯಲ್ಲಿ ಹಿತ್ತಾಳೆಯ ಹಾಗೆ ಹೊಳೆಯುವ ಚುಕ್ಕೆಗಳು ಕಾಣುತ್ತವೆ, ಅದೇ ಪೈರೈಟ್. ಚೊಕ್ಕ ಚೌಕಾಕಾರದ ಹರಳಾಗಿದ್ದರೆ ಅದು ಎಷ್ಟೋ ಸಲ ಹಾಗೇ ಉಳಿಯುತ್ತದೆ. ಎಳೆಯ ಹಾಗೆ, ಮಸುಕು ಕಲೆಯ ಹಾಗೆ ಹರಡಿದ್ದರೆ ಅನುಮಾನ ಪಡಿ. ಗಾಳಿ, ನೀರು ಸೇರಿ ತುಕ್ಕು ಹಿಡಿದು ಕೆಂಪು ಗೆರೆ ಇಳಿಯುತ್ತದೆ. ಕಲ್ಲಿನ ದಪ್ಪಕ್ಕೂ ಹಾದುಹೋಗಿದ್ದರೆ ತುಕ್ಕು ಉದುರಿ ಅಲ್ಲೇ ತೂತು ಬೀಳುತ್ತದೆ. ಎರಡನೆಯದು ಸುಣ್ಣದ ಅಂಶ, ಅಂದರೆ ಕಾರ್ಬೊನೇಟ್. ಆಮ್ಲ ಬೆರೆತ ಮಳೆ ನೀರು ಅದನ್ನು ಜಿಪ್ಸಮ್ ಮಾಡುತ್ತದೆ. ಜಿಪ್ಸಮ್ ಉಬ್ಬುತ್ತದೆ, ಕಲ್ಲು ಪದರ ಪದರವಾಗಿ ಏಳುತ್ತದೆ. ಮೂರನೆಯದು ನೀರು ಹೀರುವ ಗುಣ. ಸ್ಲೇಟ್ ಆಗಿದ್ದೇ ನುಣ್ಣನೆಯ ಕೆಸರು ಭೂಮಿಯ ಒತ್ತಡಕ್ಕೆ ಸಿಕ್ಕಿ ಗಟ್ಟಿಯಾಗಿ. ಆ ಒತ್ತಡ ಸಾಲದೆ ಹೋದ ಕಲ್ಲಿನಲ್ಲಿ ಜೇಡಿಯ ಗುಣ ಉಳಿದಿರುತ್ತದೆ. ಅದು ನೀರು ಕುಡಿಯುತ್ತದೆ. ಹಿಮ ಬೀಳುವ ಊರಾದರೆ ಕುಡಿದ ನೀರು ಹೆಪ್ಪುಗಟ್ಟಿ ಕಲ್ಲನ್ನು ಬಿರಿಸುತ್ತದೆ.

ಯುರೋಪಿನಲ್ಲಿ ಚಾವಣಿ ಸ್ಲೇಟಿಗೆ ಇಎನ್ 12326 ಎಂಬ ಮಾನದಂಡ ಇದೆ. ಆ ಪರೀಕ್ಷಾ ವರದಿಯಲ್ಲಿ ಮೂರು ಅಕ್ಷರ ಹುಡುಕಿ. ಟಿ ಎಂದರೆ ಬಿಸಿ, ತಂಪು, ಒದ್ದೆ ಪದೇಪದೇ ಮಾಡಿ ನೋಡಿದ್ದು. ಟಿ1 ಬಂದರೆ ಒಳ್ಳೆಯದು. ಟಿ2 ಎಂದರೆ ತುಕ್ಕಿನ ಗೆರೆ ಇಳಿಯಬಹುದು, ಕಲ್ಲು ಗಟ್ಟಿಯಾಗೇ ಇರುತ್ತದೆ. ಟಿ3 ಎಂದರೆ ತೂತು ಬೀಳುವ ಅಪಾಯ ಇದೆ, ಇಂಥ ಚಾವಣಿಗೆ ಖಂಡಿತ ಬೇಡ. ಎಸ್ ಎಂದರೆ ಗಂಧಕದ ಆಮ್ಲ ಅನಿಲಕ್ಕೆ ಒಡ್ಡಿ ನೋಡಿದ್ದು, ಎಸ್1 ಇರಲಿ. ಡಬ್ಲ್ಯು ಎಂದರೆ ನೀರು ಹೀರುವುದು. ಡಬ್ಲ್ಯು1 ಎಂದರೆ ಶೇ. 0.6 ಅಥವಾ ಅದಕ್ಕಿಂತ ಕಡಿಮೆ. ಅಮೆರಿಕದ ಎಎಸ್‌ಟಿಎಂ ಸಿ406 ಮಾನದಂಡದಲ್ಲೂ ಎಸ್1, ಎಸ್2, ಎಸ್3 ಎಂದೇ ದರ್ಜೆಗಳಿವೆ, ಆದರೆ ಅರ್ಥ ಬೇರೆ. ಅಲ್ಲಿ ಎಸ್1 ಎಂದರೆ 75 ವರ್ಷಕ್ಕೂ ಮೀರಿ ಬಾಳುವ ಕಲ್ಲು, ಎಸ್3 ಎಂದರೆ 20ರಿಂದ 40 ವರ್ಷ. ಎರಡನ್ನೂ ಬೆರೆಸಿ ಗೊಂದಲ ಮಾಡಿಕೊಳ್ಳಬೇಡಿ. ಅಮೆರಿಕದ ಎಸ್1 ದರ್ಜೆಗೆ ನೀರು ಹೀರುವ ಮಿತಿ ಶೇ. 0.25, ಯುರೋಪಿನದಕ್ಕಿಂತ ಬಹಳ ಬಿಗಿ.

ವರದಿ ಕೈಗೆ ಬಂದ ಕೂಡಲೇ ನಾನು ನೋಡುವುದು ತಾರೀಖು ಮತ್ತು ಗಣಿಯ ಹೆಸರು. ಮಾರಾಟದ ಹೆಸರು ಬೇರೆ, ಗಣಿಯ ಹೆಸರು ಬೇರೆ. ಸ್ಪೇನಿನ ಗಲಿಸಿಯಾದಲ್ಲಿ, ಅದರಲ್ಲೂ ವಾಲ್ದೆಓರಾಸ್ ಕಡೆ ಗಣಿ ಪಕ್ಕ ಗಣಿ ಇದೆ. "ಸ್ಪೇನಿನ ಸ್ಲೇಟ್" ಎಂದರೆ ಒಳ್ಳೆಯದೂ ಅದೇ, ಸಾಧಾರಣದ್ದೂ ಅದೇ. ವೇಲ್ಸ್ ಎಂದರೆ ಗಟ್ಟಿ ಎಂಬ ಹೆಸರಿದೆ, ನಿಜವೂ ಹೌದು. ಆದರೂ ದೇಶದ ಹೆಸರು ನೋಡಿ ಕಲ್ಲು ಕೊಳ್ಳಬೇಡಿ. ಅದೇ ಗಣಿಯ, ಈಚಿನ ತಾರೀಖಿನ ವರದಿ ಇರಲಿ. ನಿಮ್ಮ ಹಸಿರು ಕಲ್ಲು ಎಲ್ಲಿಯದೋ ಬರೆದಿಲ್ಲ. ಇಂಗ್ಲೆಂಡಿನ ಕಂಬ್ರಿಯಾದ ಹಸಿರು ಸ್ಲೇಟ್ ಜ್ವಾಲಾಮುಖಿಯ ಬೂದಿಯಿಂದ ಆದದ್ದು, ಬಹಳ ಗಟ್ಟಿ, ಆದರೆ ದಪ್ಪವಾಗಿಯೇ ಸೀಳುತ್ತದೆ. ಅಮೆರಿಕದ ವರ್ಮಾಂಟ್‌ನಲ್ಲಿ ಎರಡು ಥರದ ಹಸಿರು ಸಿಗುತ್ತದೆ. ಒಂದು ಬಣ್ಣ ಉಳಿಸಿಕೊಳ್ಳುತ್ತದೆ. ಇನ್ನೊಂದರಲ್ಲಿ ಕೆಲವು ಕಲ್ಲು ಕಾಲಕ್ರಮೇಣ ಕಂದುಬಣ್ಣಕ್ಕೆ ತಿರುಗುತ್ತವೆ. ಅದು ದೋಷ ಅಲ್ಲ, ಆದರೆ ಕೊಳ್ಳುವ ಮೊದಲೇ ಗೊತ್ತಿರಲಿ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಕೇಳಿದಿರಿ. ಮಾಡಿ, ತುಂಬಾ ಒಳ್ಳೆಯದು. ಕಲ್ಲನ್ನು ಬೆರಳ ತುದಿಯಲ್ಲಿ ತೂಗಿ ಹಿಡಿದು ಬೆರಳ ಗಂಟಿನಿಂದ ತಟ್ಟಿ. ಗಂಟೆಯ ಹಾಗೆ ಟಣ್ ಎನ್ನಬೇಕು. ಡಬ್ ಎಂದರೆ ಒಳಗೆ ಬಿರುಕೋ ಪದರ ಬಿಟ್ಟಿದ್ದೋ ಇರುತ್ತದೆ. ಕಲ್ಲಿನ ಮೇಲೆ ಬಾಯಿಂದ ಬಿಸಿ ಉಸಿರು ಬಿಟ್ಟು ಮೂಸಿ ನೋಡಿ. ಮಣ್ಣಿನ ವಾಸನೆ ಜೋರಾಗಿ ಬಂದರೆ ಜೇಡಿಯ ಗುಣ ಇದೆ ಎಂದು ಹಳಬರು ಹೇಳುತ್ತಿದ್ದರು. ಮೊಳೆಯಿಂದ ಗೀರಿ ಸ್ವಲ್ಪ ಪುಡಿ ಮಾಡಿ, ಅದರ ಮೇಲೆ ವಿನಿಗರ್ ಹನಿಸಿ. ಬುರುಬುರು ನೊರೆ ಬಂದರೆ ಸುಣ್ಣದ ಅಂಶ ಜಾಸ್ತಿ.

ಎಲ್ಲಕ್ಕಿಂತ ನಂಬಬಹುದಾದದ್ದು ನೀರಿನ ಪರೀಕ್ಷೆ. ಕಲ್ಲನ್ನು ಓವನ್ನಿನಲ್ಲಿ 110 ಡಿಗ್ರಿಯಲ್ಲಿ ಚೆನ್ನಾಗಿ ಒಣಗಿಸಿ, ಆರಿದ ಮೇಲೆ ಗ್ರಾಮ್ ತೋರಿಸುವ ತಕ್ಕಡಿಯಲ್ಲಿ ತೂಗಿ. ಎರಡು ದಿನ ನೀರಿನಲ್ಲಿ ಪೂರ್ತಿ ಮುಳುಗಿಸಿಡಿ. ತೆಗೆದು ಮೈ ಒರೆಸಿ ಮತ್ತೆ ತೂಗಿ. 500×250 ಅಳತೆಯ, 6 ಮಿ.ಮೀ. ದಪ್ಪದ ಕಲ್ಲು ಸುಮಾರು 2,100 ಗ್ರಾಮ್ ತೂಗುತ್ತದೆ. ತೂಕ 12–13 ಗ್ರಾಮ್ ಏರಿದರೆ ಶೇ. 0.6 ಮುಟ್ಟಿತು. 5 ಗ್ರಾಮಿಗಿಂತ ಕಡಿಮೆ ಇದ್ದರೆ ಕಲ್ಲು ಬಹಳ ಚೆನ್ನಾಗಿದೆ. ಅಂಗಡಿಯವರು ಕೈಗಿಟ್ಟ ಒಂದೇ ಮಾದರಿಗೆ ಮಾಡಬೇಡಿ. ರಾಶಿಯ ಬೇರೆ ಬೇರೆ ಕಡೆಯಿಂದ ನೀವೇ ಐದಾರು ಎಳೆದುಕೊಂಡು ಮಾಡಿ.

ಅದೇ ಕೈಯಲ್ಲಿ ದಪ್ಪವನ್ನೂ ಅಳೆದುಬಿಡಿ. ಹತ್ತು ಕಲ್ಲು ಒಂದರ ಮೇಲೊಂದು ಇಟ್ಟರೆ ಎಷ್ಟು ಎತ್ತರ ಬರುತ್ತದೆ, ನಡುವೆ ಎಷ್ಟು ಬೆಳಕು ಕಾಣುತ್ತದೆ ನೋಡಿ. ಕಡಿಮೆ ಇಳಿಜಾರಿಗೆ ದಪ್ಪ ಎಷ್ಟು ಎನ್ನುವುದಕ್ಕಿಂತ ದಪ್ಪ ಒಂದೇ ಸಮ ಇದೆಯೇ ಎನ್ನುವುದು ಮುಖ್ಯ. ತಿರುಚಿದ ಕಲ್ಲಿನ ಕೆಳತುದಿ ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ. ಗಾಳಿ ಅಲ್ಲೇ ನೀರು ನುಗ್ಗಿಸುತ್ತದೆ. ಹಾಗೆಂದು ಗಾಜಿನ ಹಾಗೆ ನುಣ್ಣಗಿರುವುದೂ ಒಳ್ಳೆಯದಲ್ಲ. ಎರಡು ನುಣುಪು ಮೈ ಅಂಟಿಕೊಂಡು ಕೂತರೆ ನಡುವಿನ ನೀರು ಇಳಿಯದೆ ಮೇಲಕ್ಕೇ ಏರುತ್ತದೆ. ಸೀಳಿದ ಮೈಯ ಸಣ್ಣ ಏರಿಳಿತ ಇದ್ದರೆ ಚೆನ್ನ. ಇನ್ನೊಂದು ವಿಷಯ, ಕಲ್ಲಿಗೂ ಮರದ ಹಾಗೆ ಎಳೆ ಇರುತ್ತದೆ. ಆ ಎಳೆ ಉದ್ದಕ್ಕೆ ಇರಬೇಕು. ಅಕಸ್ಮಾತ್ ಒಡೆದರೂ ಉದ್ದುದ್ದ ಒಡೆದು ಎರಡೂ ತುಂಡು ಮೊಳೆಗೆ ತಗುಲಿಕೊಂಡೇ ಇರುತ್ತವೆ, ಕೆಳಗೆ ಜಾರುವುದಿಲ್ಲ.

ಮೇಲೆ ಹತ್ತುವ ಮೊದಲು ಕಲ್ಲುಗಳನ್ನು ದಪ್ಪ, ಮಧ್ಯಮ, ತೆಳು ಎಂದು ಮೂರು ರಾಶಿ ಮಾಡಿಸಿ. ದಪ್ಪದವು ಸೂರಿನ ಕಡೆ, ತೆಳುವಾದವು ಮೇಲೆ. ಇದಕ್ಕೆ ಒಂದು ದಿನ ಹೋಗಬಹುದು. ಹೋಗಲಿ ಬಿಡಿ. ಬೇರೆ ಬೇರೆ ಅಗಲದ ಕಲ್ಲುಗಳನ್ನು ಬೆರೆಸಿ ಹಾಕುವ ಪದ್ಧತಿ ಕಣ್ಣಿಗೆ ಚೆಂದ, ಆದರೆ ನಿಮ್ಮ ಚಾವಣಿಗೆ ಬೇಡ. ಸಂದು ಸರಿಯಾಗಿ ನಡುವಿಗೆ ಬರುವುದಿಲ್ಲ.

ಮೊಳೆ ತಾಮ್ರದ್ದೋ ಸ್ಟೇನ್‌ಲೆಸ್ ಸ್ಟೀಲಿನದೋ ಇರಲಿ. ನೂರು ವರ್ಷ ಬಾಳುವ ಕಲ್ಲಿಗೆ ಸತು ಬಳಿದ ಮೊಳೆ ಹೊಡೆದರೆ ಮೊಳೆ ಮೊದಲು ಸಾಯುತ್ತದೆ. ಕಲ್ಲಿನ ನಡುಭಾಗದಲ್ಲಿ, ಎರಡು ಕಡೆ ಮೊಳೆ ಬರಲಿ. ಇಳಿಜಾರು ಕಡಿಮೆ ಇದ್ದಾಗ ಗಾಳಿ ಚಾವಣಿಯನ್ನು ಒತ್ತುವುದಕ್ಕಿಂತ ಮೇಲಕ್ಕೆ ಹೀರುವುದೇ ಜಾಸ್ತಿ. ತಲೆಯಲ್ಲಿ ಮಾತ್ರ ಮೊಳೆ ಇದ್ದರೆ ಉದ್ದನೆಯ ಕಲ್ಲು ಪಟಪಟ ಬಡಿದುಕೊಳ್ಳುತ್ತದೆ. ಮೊಳೆಯನ್ನು ಬಿಗಿಯಾಗಿ ಹೊಡೆಯಬಾರದು, ಕಲ್ಲು ಅದಕ್ಕೆ ತೂಗಿಕೊಂಡಂತೆ ಇರಬೇಕು. ಕೆಲವರು ಮೊಳೆಯ ಬದಲು ಕೊಕ್ಕೆ ಬಳಸುತ್ತಾರೆ. ಸ್ಪೇನ್, ಫ್ರಾನ್ಸ್‌ಗಳಲ್ಲಿ ಅದು ಮಾಮೂಲು. ಆದರೆ ಕೊಕ್ಕೆಯ ತಂತಿ ಸಂದಿನಲ್ಲೇ ಕೂರುವುದರಿಂದ ನೀರು ಅದನ್ನು ಹಿಡಿದುಕೊಂಡು ಮೇಲೇರಬಹುದು. 20 ಡಿಗ್ರಿಗೆ ನಾನು ಮೊಳೆಯನ್ನೇ ಹೇಳುತ್ತೇನೆ.

ಗುತ್ತಿಗೆದಾರರ ಮೆಂಬ್ರೇನ್ ಮಾತಿಗೆ ಬರುತ್ತೇನೆ. ಮೆಂಬ್ರೇನ್ ಬೇಕೇ ಬೇಕು. ಅದು ಎರಡನೆಯ ಕಾವಲು. ವರ್ಷಕ್ಕೆ ಒಂದೆರಡು ಸಲ, ಬಿರುಗಾಳಿ ಮಳೆಯಲ್ಲಿ ನುಗ್ಗಿದ ಹನಿಗಳನ್ನು ಹೊರಹಾಕಲು ಅದು ಇರುವುದು. ಪ್ರತಿ ಮಳೆಗೂ ನೀರು ಹೊರಲು ಅಲ್ಲ. ಅದರ ಮೇಲೆ ರೀಪು ಹೊಡೆದ ಮೊಳೆಗಳ ತೂತು ನೂರಾರು ಇರುತ್ತವೆ. ರೀಪನ್ನು ನೇರವಾಗಿ ಅದರ ಮೇಲೆ ಅಡ್ಡ ಹೊಡೆದರೆ ಪ್ರತಿ ರೀಪಿನ ಹಿಂದೆಯೂ ನೀರು ಕಟ್ಟಿಕೊಂಡು ಮರ ಕೊಳೆಯುತ್ತದೆ. ಮೊದಲು ಪಕಾಸಿನ ಉದ್ದಕ್ಕೆ 25 ಮಿ.ಮೀ. ಪಟ್ಟಿ, ಅದರ ಮೇಲೆ ಅಡ್ಡ ರೀಪು ಹೊಡೆಯಲು ಹೇಳಿ. ಆಗ ನೀರಿಗೂ ದಾರಿ, ಗಾಳಿಗೂ ದಾರಿ. ಸೂರಿನಲ್ಲಿ ಮತ್ತು ಗೋಡೆಯ ಕಡೆ ಗಾಳಿಯಾಡಲು ಜಾಗ ಬಿಡಿ. ಒಳಗಿನ ಆವಿ ತಣ್ಣಗಾಗಿ ತೊಟ್ಟಿಕ್ಕಿದರೆ ಅದೂ ಸೋರಿಕೆಯ ಹಾಗೇ ಕಾಣುತ್ತದೆ. ಸುಮ್ನೆ ಕಲ್ಲನ್ನು ದೂರುವ ಹಾಗಾಗುತ್ತದೆ.

ಚಾವಣಿ ಗೋಡೆಗೆ ಸೇರುವ ಜಾಗ, ನಿಮ್ಮ ಕಿಟಕಿಯ ಕೆಳಗೆ, ಅದನ್ನೂ ಈಗಲೇ ಯೋಚಿಸಿ. ಅಲ್ಲಿ ಸಂದು ಮುಚ್ಚಲು ಬರುವ ಸೀಸದ ತಗಡು ಕಲ್ಲಿನ ಮೇಲೆ ನೆಟ್ಟಗಿನ ಲೆಕ್ಕದಲ್ಲಿ 75 ಮಿ.ಮೀ. ಇಳಿಯಬೇಕು. 20 ಡಿಗ್ರಿಯಲ್ಲಿ ಅದು ಕಲ್ಲಿನ ಮೇಲೆ 220 ಮಿ.ಮೀ. ಆಗುತ್ತದೆ. ಸಾಮಾನ್ಯವಾಗಿ 150 ಹಾಕಿ ಬಿಟ್ಟುಬಿಡುತ್ತಾರೆ. ಗೋಡೆಯ ಮೇಲೆ ತಗಡು ಹತ್ತಲು ಕಿಟಕಿಯ ಕೆಳಗೆ 150 ಮಿ.ಮೀ. ಆದರೂ ಉಳಿಯುತ್ತದೆಯೇ ಅಳೆದು ನೋಡಿ. ಚಾವಣಿಯಲ್ಲಿ ಬೆಳಕಿನ ಕಿಟಕಿ ಇಡುವ ಯೋಚನೆ ಇದ್ದರೆ, ಅದರ ತಗಡಿನ ಕಿಟ್ ಎಷ್ಟು ಡಿಗ್ರಿವರೆಗೆ ನಡೆಯುತ್ತದೆ ಎಂದು ಮೊದಲು ಓದಿ.

ಇಷ್ಟೆಲ್ಲ ಅಳೆದ ಮೇಲೆ ಇಳಿಜಾರು 20 ಡಿಗ್ರಿಗಿಂತ ಕೆಳಗೆ ಬಂದರೆ? ಆಗ ಸ್ಲೇಟ್ ಬೇಡ. ನನಗೆ ಈ ಕಲ್ಲಿನ ಮೇಲೆ ಎಷ್ಟು ಪ್ರೀತಿ ಇದ್ದರೂ ಹೇಳುತ್ತೇನೆ, ಬೇಡ. ಅಂಚು ಮಡಿಚಿ ಜೋಡಿಸುವ ಲೋಹದ ಹಾಳೆ ಹಾಕಿಸಿ. ಬೂದು ಬಣ್ಣದ್ದು ಸಿಗುತ್ತದೆ, ಮನೆಗೆ ಒಪ್ಪುತ್ತದೆ. ನಿಮ್ಮ ಹಸಿರು ಕಲ್ಲು ಮುಂಬಾಗಿಲ ಮೇಲಿನ ಕಡಿದಾದ ಸಣ್ಣ ಮಾಡಿಗೆ ಬರಲಿ. ಅಲ್ಲಿ ಅದರ ದಪ್ಪ, ಒರಟು ಮೈ, ಬಣ್ಣ ಎಲ್ಲವೂ ಚೆಂದ ಕಾಣುತ್ತದೆ.

ಆರ್ಡರ್ ಕೊಡುವಾಗ ನಿಮ್ಮ ಅಂತಿಮ ಹೆಡ್‌ಲ್ಯಾಪ್‌ನಿಂದ ಲೆಕ್ಕ ಹಾಕಿ. 120 ಮಿ.ಮೀ. ಆದರೆ ಚದರ ಮೀಟರಿಗೆ 21, 140 ಆದರೆ 22ಕ್ಕೂ ಮೀರಿ ಬೇಕು. ಅದರ ಮೇಲೆ ನೂರಕ್ಕೆ ಹತ್ತು ಜಾಸ್ತಿ ತರಿಸಿ. ಸೂರಿಗೂ ತುದಿಗೂ ಗಿಡ್ಡ ಕಲ್ಲು, ಅಂಚಿಗೆ ಒಂದೂವರೆ ಅಗಲದ ಕಲ್ಲು ಬೇಕಾಗುತ್ತದೆ. ಅಂಚಿನಲ್ಲಿ ಅರ್ಧ ಅಗಲದ ತುಂಡು ಹಾಕಲು ಬಿಡಬೇಡಿ, ಕಿರಿದಾದಷ್ಟೂ ನೀರು ಬೇಗ ದಾಟುತ್ತದೆ. ಕೆಲಸ ಮುಗಿದ ಮೇಲೆ ಉಳಿದ ಕಲ್ಲನ್ನು ಹಿಂದಿರುಗಿಸಬೇಡಿ. ಗೋಡೆಗೆ ಒರಗಿಸಿ, ಉದ್ದದ ಅಂಚಿನ ಮೇಲೆ ನಿಲ್ಲಿಸಿಡಿ. ಹತ್ತು ವರ್ಷ ಬಿಟ್ಟು ಒಂದು ಕಲ್ಲು ಬೇಕಾದಾಗ ಅದೇ ಗಣಿಯ, ಅದೇ ದಪ್ಪದ್ದು ಬೇರೆ ಎಲ್ಲೂ ಸಿಗುವುದಿಲ್ಲ.